ಪೆಡಲ್ ಸ್ಟೀಲಿಗೆ ಎಣ್ಣೆ ಬಿಟ್ಟ ಕಥೆ

ಶುರುವಾಗಿದ್ದು ನನ್ನ ಪೆಡಲ್ ಸ್ಟೀಲ್ ಗಿಟಾರಿನ ಮೂರನೇ ತಂತಿಯಿಂದ. ಪೆಡಲ್ ತುಳಿದರೆ ಜಿ ಶಾರ್ಪಿನಿಂದ ಎ ಸ್ವರಕ್ಕೆ ಸರಿಯಾಗಿಯೇ ಏರುತ್ತಿತ್ತು. ಕಾಲು ತೆಗೆದರೆ ಮಾತ್ರ ಪೂರ್ತಿ ವಾಪಸ್ ಬರುತ್ತಿರಲಿಲ್ಲ. ಹೊಸ್ತಿಲವರೆಗೆ ಬಂದು ಒಳಗೆ ಕಾಲಿಡದ ನೆಂಟರ ಹಾಗೆ ಅಲ್ಲೇ ನಿಂತುಬಿಡುತ್ತಿತ್ತು. ಟ್ಯೂನರಿನ ಮುಳ್ಳು ನಡುವಿನ ಗೆರೆಯಿಂದ ಕೂದಲೆಳೆಯಷ್ಟು ಬಲಕ್ಕೆ. ತಂತಿಯನ್ನು ಒಮ್ಮೆ ಬೆರಳಲ್ಲಿ ಜಗ್ಗಿದರೆ ಟಕ್ ಅಂತ ಜಾಗಕ್ಕೆ ಕೂರುತ್ತಿತ್ತು. ಮತ್ತೆ ಪೆಡಲ್ ತುಳಿದರೆ ಮತ್ತೆ ಅದೇ ಕಥೆ.

ಮೊದಲಿಗೆ ನನ್ನ ಕಿವಿಯದೇ ತಪ್ಪು ಅಂದುಕೊಂಡೆ. ಆಮೇಲೆ ತಂತಿ ಹಳೆಯದು ಅಂದುಕೊಂಡೆ. ವಾದ್ಯ ಕೊಳಕಾಗಿದೆ ಅಂತ ಮಾತ್ರ ತಲೆಗೇ ಹೋಗಲಿಲ್ಲ, ಯಾಕೆಂದರೆ ಮೇಲಿಂದ ನೋಡಿದರೆ ಫಳಫಳ ಹೊಳೆಯುತ್ತಿತ್ತು.

ನಾನಿರುವುದು ಅಮೆರಿಕದ ನ್ಯಾಶ್‌ವಿಲ್‌ನಲ್ಲಿ. ಹೊಟ್ಟೆಪಾಡಿಗೆ ಆಸ್ಪತ್ರೆಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವುದು. ಈ ಊರಿಗೆ ಬಂದ ಹೊಸತರಲ್ಲಿ ಆಫೀಸಿನವರು ಲೋವರ್ ಬ್ರಾಡ್‌ವೇಗೆ ಕರೆದುಕೊಂಡು ಹೋಗಿದ್ದರು. ಆ ಬೀದಿಯಲ್ಲಿ ಬಾಗಿಲಿಗೊಂದು ಬ್ಯಾಂಡು. ಒಂದು ಕಡೆ ವೇದಿಕೆಯ ಮೂಲೆಯಲ್ಲಿ ಒಬ್ಬರು ಇಸ್ತ್ರಿ ಮೇಜಿನಂಥ ಒಂದು ವಸ್ತುವಿನ ಮುಂದೆ ಕೂತಿದ್ದರು. ಎಡಗೈಯಲ್ಲಿ ಉಕ್ಕಿನ ತುಂಡು, ಬಲಗೈ ಬೆರಳುಗಳಿಗೆ ಮಿಜರಾಬಿನಂಥ ಲೋಹದ ಪಿಕ್ಕು, ಮೇಜಿನ ಕೆಳಗೆ ಎರಡೂ ಕಾಲು ಬಿಡುವಿಲ್ಲದೆ ಆಡುತ್ತಿದ್ದವು. ಆ ನಾದ ಕೇಳಿ ಕೈಯಲ್ಲಿದ್ದ ಲೋಟ ಹಾಗೇ ಹಿಡಿದು ನಿಂತೆ. ಒಂದು ಸ್ವರ ನಿಂತಲ್ಲೇ ನಿಂತಿದೆ, ಪಕ್ಕದ್ದು ಮಾತ್ರ ಅದನ್ನು ಉಜ್ಜಿಕೊಂಡೇ ಜಾರಿ ಮೇಲೆ ಹೋಗುತ್ತಿದೆ. ವೀಣೆಯ ಜಾರು ಕೇಳಿ ಬೆಳೆದ ಕಿವಿಗೆ ಇದು ಹೊಸದೂ ಹೌದು, ಗುರುತಿನದೂ ಹೌದು.

ನೋಡದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮ ಚಿತ್ರವೀಣೆ, ಅದೇ ಗೋಟುವಾದ್ಯ, ಮೆಟ್ಟಿಲಿಲ್ಲದ ಅದರ ತಂತಿಗಳ ಮೇಲೆ ಒಂದು ದುಂಡು ತುಂಡು ಜಾರಿಸಿ ನುಡಿಸುತ್ತಾರಲ್ವಾ, ಅದೇ ರೀತಿ ಗಿಟಾರನ್ನು ತೊಡೆ ಮೇಲೆ ಮಲಗಿಸಿ ಉಕ್ಕಿನ ತುಂಡು ಜಾರಿಸುವ ಪದ್ಧತಿ ಹವಾಯಿಯಲ್ಲಿ ಬೆಳೆಯಿತು. ಅಲ್ಲಿಂದ ಅಮೆರಿಕಕ್ಕೆ ಬಂತು, ನಮ್ಮ ದೇಶಕ್ಕೂ ಬಂತು. ಅದರ ಕಷ್ಟ ಏನೆಂದರೆ ಆ ಉಕ್ಕಿನ ತುಂಡು ನೇರ, ಹಾಗಾಗಿ ಎಲ್ಲ ತಂತಿಯೂ ಒಟ್ಟಿಗೇ ಜಾರುತ್ತವೆ. ಬೇರೆ ಥರದ ಸ್ವರಮೇಳ ಬೇಕಾದರೆ ಬೇರೆ ಶ್ರುತಿಯ ಇನ್ನೊಂದು ಗಿಟಾರ್ ಬೇಕು. ಅದಕ್ಕೇ ಪೆಡಲ್ ಬಂದವು. ತುಳಿದರೆ ಇಂಥಿಂಥ ತಂತಿ ಮಾತ್ರ ಇಷ್ಟು ಏರಬೇಕು. ಮೊದಮೊದಲು ಪೆಡಲನ್ನು ಶ್ರುತಿ ಬದಲಿಸುವುದಕ್ಕೆ ಮಾತ್ರ ಬಳಸುತ್ತಿದ್ದರು. ತಂತಿ ನುಡಿಯುತ್ತಿರುವಾಗಲೇ ತುಳಿದು ಆ ಜಾರನ್ನೇ ಕೇಳಿಸಿದ್ದು ಬಡ್ ಐಸಾಕ್ಸ್ ಎಂಬ ವಾದಕರು, ವೆಬ್ ಪಿಯರ್ಸ್ ಹಾಡಿದ ‘ಸ್ಲೋಲಿ’ ಎಂಬ ಹಾಡಿನಲ್ಲಿ. ಅದು 1954ರಲ್ಲಿ ಹಿಟ್ ಆಗಿದ್ದೇ ತಡ, ಸ್ಟೀಲ್ ನುಡಿಸುವವರೆಲ್ಲ ತಮ್ಮ ಗಿಟಾರಿಗೂ ಪೆಡಲ್ ಹಾಕಿಸಿಕೊಳ್ಳಲು ಓಡಿದರಂತೆ.

ನನ್ನದು 10 ತಂತಿಯ, ಇ ನೈನ್ತ್ ಶ್ರುತಿಯ ಒಂದೇ ನೆಕ್‌ನ ಗಿಟಾರು. 3 ಪೆಡಲ್, 4 ಮೊಣಕಾಲಿನ ಲಿವರ್. ಸೆಕೆಂಡ್ ಹ್ಯಾಂಡ್. ಮೈಗೆ ಮರದ ಮೇಲೆ ಮೈಕಾ ಅಂಟಿಸಿದ್ದಾರೆ, ನಮ್ಮೂರಲ್ಲಿ ಊಟದ ಮೇಜಿಗೆ ಅಂಟಿಸುವ ಸನ್‌ಮೈಕಾ ಇದೆಯಲ್ಲ, ಹೆಚ್ಚುಕಮ್ಮಿ ಅದೇ. ಅದನ್ನು ನೋಡಿದಾಗ ತಿಪಟೂರಿನ ಹೋಟೆಲ್ ಮೇಜು ನೆನಪಾಗಿ ವ್ಯಾಪಾರ ಜಾಸ್ತಿ ಎಳೆಯದೆ ಕೊಂಡುಬಿಟ್ಟೆ. ಮಾರಿದವರು ‘ಎಲ್ಲ ಚೆನ್ನಾಗಿ ಎಣ್ಣೆ ಹಾಕಿಟ್ಟಿದ್ದೇನೆ’ ಅಂದಿದ್ದರು. ಅದು ನಿಜ. ತೊಂದರೆ ಇದ್ದಿದ್ದೇ ಅಲ್ಲಿ.

ಮೂರನೇ ತಂತಿ ತಕರಾರು ತೆಗೆದ ವಾರ ನಾನು ಮಾಡಿದ್ದು, ಗ್ಯಾರೇಜಿನಲ್ಲಿದ್ದ ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿ ತಂದು, ಅದರ ಕೆಂಪು ಕೊಳವೆ ತೂರಿಸಿ, ತಂತಿಗಳು ಬಲಗಡೆ ಹೋಗಿ ಇಳಿಯುವ ಸಂದಿಗೆಲ್ಲ ಚೆನ್ನಾಗಿ ಹೊಡೆದಿದ್ದು. ತಕ್ಷಣ ಸರಿಹೋಯಿತು. ಬೆಣ್ಣೆ ಹಾಗೆ ಆಡಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಒಂದು ಕಾಫಿ ಮಾಡಿಕೊಂಡು ಕುಡಿದೆ. ಎರಡು ವಾರ ಆರಾಮ. ಆಮೇಲೆ ಚಳಿ ಬಂತು, ನಾನು ನುಡಿಸುವ ಹಿಂದಿನ ಕೋಣೆ ರಾತ್ರಿ ತಣ್ಣಗಾಗತೊಡಗಿತು, ಮತ್ತು ಒಂದು ಬೆಳಗ್ಗೆ ನೋಡಿದರೆ ಮೂರನೆಯದಷ್ಟೇ ಅಲ್ಲ, ಆರನೆಯದೂ ವಾಪಸ್ ಬರುತ್ತಿಲ್ಲ, ನಾಲ್ಕನೆಯದನ್ನು ಮೊಣಕಾಲಿನಿಂದ ಇಳಿಸಿದರೆ ಅದು ಕೆಳಗೇ ಉಳಿದುಬಿಡುತ್ತಿದೆ. ಒಂದು ರೋಗಕ್ಕೆ ಔಷಧಿ ಕೊಟ್ಟು ಮೂರು ತರಿಸಿಕೊಂಡಿದ್ದೆ.

ಇಲ್ಲೇ ಹತ್ತಿರದಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ವರ್ಷಗಟ್ಟಲೆ ಬ್ಯಾಂಡ್‌ಗಳ ಜೊತೆ ಬಸ್ಸಿನಲ್ಲಿ ಊರೂರು ಸುತ್ತಿ ಸ್ಟೀಲ್ ನುಡಿಸಿದವರು, ಈಗ ಮನೆಯಲ್ಲಿ ಪಾಠ ಹೇಳುತ್ತಾರೆ. ನಾನು ತಿಂಗಳಿಗೆ ಎರಡು ಸಲ ಹೋಗುತ್ತೇನೆ. ಹೆಸರು ಬೇಡ, ಗುರುಗಳು ಅನ್ನೋಣ. ನನ್ನ ಗಿಟಾರನ್ನು ಅವರ ಮುಂದೆ ಇಟ್ಟು ಸಮಸ್ಯೆ ಹೇಳಿದೆ. ಅವರು ನುಡಿಸಿಯೂ ನೋಡಲಿಲ್ಲ. ಬಗ್ಗಿ ಮೂಗನ್ನು ಚೇಂಜರ್, ಅಂದರೆ ತಂತಿಗಳು ಹೋಗಿ ಇಳಿಯುವ ಆ ಬಲತುದಿಯ ಭಾಗದ ಹತ್ತಿರ ತಂದು ಮೂಸಿದರು. ಮೂಸಿ, ‘ಏನು ಹೊಡೆದೆ?’ ಅಂದರು.

ಹೇಳಿದೆ. ನಿಟ್ಟುಸಿರು ಬಿಟ್ಟರು. ಆ ಸ್ಪ್ರೇ ಬೈದರೂ ಪ್ರಯೋಜನವಿಲ್ಲ, ಅದು ಇರುವುದೇ ಬಿಗಿದದ್ದನ್ನು ಬಿಡಿಸಲಿಕ್ಕೆ, ಅದರಲ್ಲಿನ ತೆಳುವಾದ ಅಂಶ ಹಾರಿಹೋದ ಮೇಲೆ ಉಳಿಯುವ ಪದರ ಧೂಳು ಹಿಡಿದುಕೊಂಡು ಅಂಟಾಗುತ್ತದೆ, ನಿನ್ನ ಗಿಟಾರಿನಲ್ಲಿ ಮೊದಲೇ ಯಾರೋ ಗ್ರೀಸ್ ತುಂಬಿದ್ದಾರೆ, ಅದರ ಮೇಲೆ ನೀನು ಇದನ್ನು ಹೊಡೆದು ಹಳೇ ಕೊಳೆಯನ್ನೆಲ್ಲ ಕರಗಿಸಿ ಇನ್ನೂ ಒಳಗೆ ಕಳಿಸಿದ್ದೀಯ ಅಂದರು. ಇಷ್ಟನ್ನೂ ಒಂದೇ ಉಸಿರಿಗೆ. ಆಮೇಲೆ ಒಂದು ಕಾಗದದಲ್ಲಿ ನಾಲ್ಕು ಸಾಮಾನು ಬರೆದುಕೊಟ್ಟರು: ಲೈಟರಿಗೆ ತುಂಬುವ ನಾಫ್ತಾ ಎರಡು ಡಬ್ಬಿ, ಸೂಜಿ ಮೂತಿಯ ಎಣ್ಣೆ ಬಾಟಲಿ, ಹತ್ತಿ ಕಡ್ಡಿ, ಹಳೇ ಟವೆಲ್. ‘ಸ್ಕ್ರೂಡ್ರೈವರ್ ಬರೆದಿಲ್ಲ, ನೋಡಿದೆಯಾ?’ ಅಂದರು. ಅಂದರೆ ಬಿಚ್ಚಬೇಡ ಅಂತ.

ಆ ಚೇಂಜರ್ ಬಗ್ಗೆ ಒಂದು ಮಾತು. ಗಿಟಾರಿನ ಜೀವ ಇರುವುದು ಅಲ್ಲೇ. ಬಲತುದಿಯಲ್ಲಿ ಒಂದು ಉಕ್ಕಿನ ಆಕ್ಸಲ್. ಅದಕ್ಕೆ ಪೋಣಿಸಿದಂತೆ ತಂತಿಗೊಂದು ಅಲ್ಯೂಮಿನಿಯಂ ತುಂಡು, ಅದಕ್ಕೆ ಫಿಂಗರ್ ಅಂತ ಹೆಸರು. ಅದರ ದುಂಡು ತಲೆಯ ಮೇಲೆ ತಂತಿ ಹಾದು ಕೆಳಗೆ ಸಿಕ್ಕಿಕೊಂಡಿರುತ್ತದೆ. ಪೆಡಲ್ ತುಳಿದಾಗ ಕೆಳಗಿನ ಅಡ್ಡ ಸರಳೊಂದು ತಿರುಗಿ, ಅದಕ್ಕೆ ಹಾಕಿದ ಬೆಲ್ ಕ್ರ್ಯಾಂಕ್ ಎಂಬ ಪುಟ್ಟ ತೋಳು ಒಂದು ತೆಳು ರಾಡನ್ನು ಎಳೆದು, ಆ ರಾಡು ಫಿಂಗರಿನ ಬುಡವನ್ನು ಎಳೆಯುತ್ತದೆ. ಫಿಂಗರ್ ವಾಲುತ್ತದೆ, ತಂತಿ ಬಿಗಿಯುತ್ತದೆ. ವಾಪಸ್ ತರುವವರು ಯಾರು? ಏರಿಸಿದ ಮೇಲೆ ವಾಪಸ್ ತರುವುದು ತಂತಿಯ ಸ್ವಂತ ಸೆಳೆತ. ಇಳಿಸಿದ್ದನ್ನು ವಾಪಸ್ ತರುವುದು ಒಂದು ಪುಟ್ಟ ಸ್ಪ್ರಿಂಗ್. ತುಳಿಯುವಾಗ ನಮ್ಮ ಕಾಲಿನ ಬಲ ಇರುತ್ತದೆ, ಎಂಥ ಜಿಡ್ಡನ್ನೂ ದಾಟಿಕೊಂಡು ಹೋಗುತ್ತದೆ. ವಾಪಸ್ ಬರುವಾಗ ಆ ಬಲ ಇಲ್ಲ. ಹಾಗಾಗಿ ಜಿಡ್ಡು ಗೊತ್ತಾಗುವುದು ಯಾವಾಗಲೂ ವಾಪಸಾತಿಯಲ್ಲಿ. ಅದನ್ನು ಗುರುಗಳು ಹೇಳಿದ ಮೇಲೆ ನನ್ನ ಮೂರನೇ ತಂತಿಯ ನೆಂಟಸ್ತಿಕೆ ಅರ್ಥವಾಯಿತು.

ಮುಂದಿನ ಶನಿವಾರ ಬೆಳಗ್ಗೆ ಗ್ಯಾರೇಜಿನಲ್ಲಿ ಸಾಮಾನು ಜೋಡಿಸಿಕೊಂಡೆ. ಫೋಟೋ ಕಳಿಸಿದೆ, ಪಾಠಕ್ಕೆ ಕೂತ ಹುಡುಗನ ಹುರುಪು. ಎರಡೇ ನಿಮಿಷಕ್ಕೆ ಗುರುಗಳ ಫೋನು. ಫೋಟೋದಲ್ಲಿ ಹಿಂದೆ ಮೂಲೆಯಲ್ಲಿ ಗ್ಯಾಸಿನ ವಾಟರ್ ಹೀಟರ್ ಕಾಣುತ್ತಿತ್ತು. ಅದರ ಬುಡದಲ್ಲಿ ಸದಾ ಉರಿಯುವ ಒಂದು ಸಣ್ಣ ಜ್ವಾಲೆ ಇರುತ್ತದೆ, ನಾಫ್ತಾದ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದುಕೊಂಡು ಸೀದಾ ಅಲ್ಲಿಗೇ ಹೋಗುತ್ತದೆ. ಎಲ್ಲ ಎತ್ತಿಕೊಂಡು ಹೊರಗೆ ಹಿತ್ತಲಿಗೆ ಹೋದೆ. ಕೈ ನಡುಗುತ್ತಿತ್ತು ಅಂತ ಒಪ್ಪಿಕೊಳ್ಳುತ್ತೇನೆ. ಈ ಬರಹ ಓದಿ ಯಾರಾದರೂ ಮಾಡಲು ಹೊರಟರೆ ಇದೊಂದನ್ನು ಮಾತ್ರ ಮರೆಯಬೇಡಿ: ಬಯಲಲ್ಲಿ ಮಾಡಿ, ಹತ್ತಿರ ಬೆಂಕಿ, ಸಿಗರೇಟು, ಹೀಟರ್ ಏನೂ ಇರಬಾರದು, ಒರೆಸಿದ ಬಟ್ಟೆಯನ್ನು ಮುದುರಿ ಮನೆಯೊಳಗಿನ ಕಸದ ಬುಟ್ಟಿಗೆ ಹಾಕಬೇಡಿ, ಹೊರಗೆ ಹರವಿ ಒಣಗಿಸಿ.

ಕಾಲುಗಳನ್ನು, ಪೆಡಲ್ ಪಟ್ಟಿಯನ್ನು ಬಿಚ್ಚಿ ಪಕ್ಕಕ್ಕಿಟ್ಟು ಗಿಟಾರನ್ನು ತಲೆಕೆಳಗು ಮಾಡಿದೆ. ಮೊದಲ ಸಲ ಅದರ ಹೊಟ್ಟೆ ನೋಡಿದ್ದು. ಸರಳು, ರಾಡು, ಸ್ಪ್ರಿಂಗು, ಕೊಕ್ಕೆ. ನನಗೆ ತಟ್ಟನೆ ಅಮ್ಮನ ಹೊಲಿಗೆ ಮಷೀನು ನೆನಪಾಯಿತು.

ಅಮ್ಮ ತಿಪಟೂರಿನಲ್ಲಿ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದರು. ಕಾಲಲ್ಲಿ ತುಳಿಯುವ ಮಷೀನು. ವಾರಕ್ಕೊಂದು ಸಲ ಅದನ್ನು ಹಿಂದಕ್ಕೆ ವಾಲಿಸಿ ಎಣ್ಣೆ ಬಿಡುವ ಕೆಲಸ ನನ್ನದು. ಉದ್ದ ಮೂಗಿನ ತಗಡಿನ ಡಬ್ಬಿ, ಅದರ ತಳ ಅದುಮಿದರೆ ಟಕ್ಕು ಟಕ್ಕು ಅನ್ನುತ್ತಿತ್ತು. ನನಗೆ ಆ ಸದ್ದೇ ಇಷ್ಟ, ಹಾಗಾಗಿ ಒಂದೊಂದು ತೂತಿಗೆ ನಾಲ್ಕೈದು ಟಕ್ಕು ಹೊಡೆಯುತ್ತಿದ್ದೆ. ‘ಏಯ್, ಒಗ್ಗರಣೆಗೆ ಹಾಕ್ತಿದ್ದೀಯೇನೋ? ಒಂದೇ ತೊಟ್ಟು ಕಣೋ! ಮೊದಲು ನೂಲಿನ ಕಸ ತೆಗಿ’ ಅಂತ ಅಡುಗೆಮನೆಯಿಂದಲೇ ಕೂಗುತ್ತಿದ್ದರು. ಎಣ್ಣೆ ಬಿಟ್ಟ ಮೇಲೆ ಗಿರಾಕಿಯ ಬಟ್ಟೆ ಮುಟ್ಟುವ ಹಾಗಿಲ್ಲ, ಮೊದಲು ಒಂದು ಚಿಂದಿ ಬಟ್ಟೆಯ ಮೇಲೆ ಸುಮ್ನೆ ಎರಡು ಸಾಲು ಓಡಿಸಬೇಕು, ಹೆಚ್ಚಾದ ಎಣ್ಣೆ ಅದು ಹೀರಿಕೊಳ್ಳಲಿ ಅಂತ. ಹತ್ತು ವರ್ಷದವನಿದ್ದಾಗ ಗೊತ್ತಿದ್ದ ವಿದ್ಯೆ ಇದು. ಅಂಥವನು ಸ್ಪ್ರೇ ಹೊಡೆದು ಕಾಫಿ ಕುಡಿದಿದ್ದೆ.

ಮೊದಲು ಕೆಳಗಿನ ಎಲ್ಲದರ ಫೋಟೋ ತೆಗೆದುಕೊಂಡೆ, ಯಾವ ರಾಡು ಯಾವ ತೂತಿನಲ್ಲಿದೆ ಅಂತ. ಇದು ಗುರುಗಳು ಹೇಳಿದ್ದಲ್ಲ, ಸಾಫ್ಟ್‌ವೇರಿನವರ ಭಯ. ತಂತಿ ಎಲ್ಲ ಬಿಚ್ಚಿದೆ, ಹೇಗೂ ಹಳೆಯವು. ಚೇಂಜರ್ ಇರುವ ತುದಿ ಕೆಳಗೆ ಬರುವ ಹಾಗೆ ಗಿಟಾರನ್ನು ಓರೆಯಾಗಿ ನಿಲ್ಲಿಸಿ ಕೆಳಗೆ ಟವೆಲ್ ಹಾಸಿದೆ. ಮೈಕಾದ ಮರೆಯ ಜಾಗದಲ್ಲಿ ಒಂದು ಹನಿ ನಾಫ್ತಾ ಹಚ್ಚಿ ಬಣ್ಣ ಏನೂ ಆಗಲಿಲ್ಲ ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ಫಿಂಗರ್‌ಗಳ ಸಂದಿಗೆ ನಾಫ್ತಾ ಬಿಟ್ಟೆ. ಕೈಯಲ್ಲಿ ಒಂದೊಂದೇ ಫಿಂಗರನ್ನು ಹಿಂದೆ ಮುಂದೆ ಆಡಿಸುತ್ತಾ ಹೋದೆ.

ಮೊದಲು ಏನೂ ಬರಲಿಲ್ಲ. ಒಂದು ನಿಮಿಷ ಬಿಟ್ಟು ಕಪ್ಪಗೆ ಒಂದು ಗೆರೆ ಇಳಿಯಿತು. ಕಾಡಿಗೆ ಕಲಸಿದ ಎಣ್ಣೆಯ ಹಾಗೆ. ಆಮೇಲೆ ಅದು ನಿಲ್ಲಲೇ ಇಲ್ಲ. ಅದರಲ್ಲಿ ಸಣ್ಣ ಸಣ್ಣ ಹೊಳೆಯುವ ಕಣ, ಅಲ್ಯೂಮಿನಿಯಂ ಸವೆದ ಪುಡಿ ಇರಬೇಕು. ಒಂದು ಉದ್ದನೆ ಕೂದಲೂ ಬಂತು, ನಮ್ಮ ಮನೆಯವರದ್ದಲ್ಲ. ಎರಡನೇ ಸಲಕ್ಕೆ ಬೂದು ಬಣ್ಣ. ಮೂರನೇ ಸಲಕ್ಕೆ ತಿಳಿಯಾಯಿತು. ಐದನೇ ಫಿಂಗರ್ ಮಾತ್ರ ಹಟ ಹಿಡಿದಿತ್ತು. ಅದರ ಎರಡೂ ಬದಿಗೆ ಹಳದಿ ಗ್ರೀಸು ಒಣಗಿ ಮೇಣದ ಹಾಗಾಗಿತ್ತು. ಹತ್ತಿ ಕಡ್ಡಿ ಆ ಸಂದಿಗೆ ಹೋಗುವುದಿಲ್ಲ, ಎರಡು ಫಿಂಗರ್ ನಡುವೆ ಜಾಗ ಅಷ್ಟು ಕಿರಿದು. ಹೊಲಿಗೆ ದಾರವನ್ನು ನಾಫ್ತಾದಲ್ಲಿ ಅದ್ದಿ ಸಂದಿಯಲ್ಲಿ ತೂರಿಸಿ ಹಲ್ಲಿನ ಸಂದಿ ಉಜ್ಜುವ ಹಾಗೆ ಎಳೆದೆ. ಅರ್ಧ ಗಂಟೆ ಹಿಡಿಯಿತು. ಕೊನೆಗೆ ಬೆರಳಲ್ಲಿ ಸೋಕಿಸಿದರೆ ಸಾಕು, ಅದು ತಾನೇ ವಾಲಿ ತಾನೇ ಬಿತ್ತು. ಬೇಕಂತಲೇ ನಾಲ್ಕೈದು ಸಲ ಬೀಳಿಸಿ ನೋಡಿದೆ.

ಇಲ್ಲೊಂದು ಯಡವಟ್ಟೂ ಆಯಿತು. ದಾರ ಎಳೆಯುವ ಭರದಲ್ಲಿ ಒಂದು ವಾಪಸಾತಿ ಸ್ಪ್ರಿಂಗ್ ಕೊಕ್ಕೆಯಿಂದ ಕಳಚಿ ಟಿಂಗ್ ಅಂತ ಹಾರಿತು. ಹಿತ್ತಲಿನ ಹುಲ್ಲಿನಲ್ಲಿ ಕಿರುಬೆರಳಿಗಿಂತ ಸಣ್ಣ ಸ್ಪ್ರಿಂಗ್. ಮಗಳು ಫ್ರಿಜ್‌ಗೆ ಅಂಟಿಸುವ ಅಯಸ್ಕಾಂತಗಳನ್ನೆಲ್ಲ ಕಿತ್ತುಕೊಂಡು ಬಂದಳು. ಇಬ್ಬರೂ ಮಂಡಿಯೂರಿ ಹುಲ್ಲು ಸವರಿಕೊಂಡು ಹೋದೆವು. ಒಂದು ಮೊಳೆ ಸಿಕ್ಕಿತು, ಒಂದು ಬಾಟಲಿ ಮುಚ್ಚಳ ಸಿಕ್ಕಿತು, ಮುಕ್ಕಾಲು ಗಂಟೆಯ ಮೇಲೆ ಸ್ಪ್ರಿಂಗ್ ಸಿಕ್ಕಿತು. ಮಗಳಿಗೆ ಅದು ಆ ವಾರದ ಅತಿ ಖುಷಿಯ ಆಟ. ಸ್ಪ್ರಿಂಗನ್ನು ಮತ್ತೆ ಕೊಕ್ಕೆಗೆ ಹಾಕುವುದು ಇಕ್ಕಳದಲ್ಲಿ ಆಗಲಿಲ್ಲ, ಜಾರುತ್ತಿತ್ತು. ಅದಕ್ಕೂ ದಾರವೇ ಆಯಿತು. ಸ್ಪ್ರಿಂಗಿನ ತುದಿಗೆ ದಾರದ ಕುಣಿಕೆ ಹಾಕಿ, ಎಳೆದು ಕೊಕ್ಕೆಯ ಮೇಲೆ ಕೂರಿಸಿ, ದಾರ ಕತ್ತರಿಸಿ ಎಳೆದುಬಿಟ್ಟರೆ ಮುಗಿಯಿತು.

ನಾಫ್ತಾ ಪೂರ್ತಿ ಆರಲಿ ಅಂತ ಊಟ ಮಾಡಿ ಬಂದೆ. ಆಮೇಲೆ ಎಣ್ಣೆ.

ಯಾವ ಎಣ್ಣೆ ಅನ್ನುವುದಕ್ಕೆ ಸ್ಟೀಲ್ ನುಡಿಸುವವರಲ್ಲಿ ಜಗಳವೇ ಇದೆ. ಟೆಫ್ಲಾನ್ ಬೆರೆತ ತೆಳು ಎಣ್ಣೆಯೇ ಬೇಕು, ಸೈಕಲ್ ಚೈನಿಗೆ ಹಾಕುವಂಥದ್ದು, ಅನ್ನುವವರು ಬಹಳ ಜನ. ಗುರುಗಳೂ ಅದೇ ಪಕ್ಷ. ಹೊಲಿಗೆ ಮಷೀನಿನ ಎಣ್ಣೆ ಸಾಕು ಅನ್ನುವವರೂ ಇದ್ದಾರೆ. ನಾನು ಬಟ್ಟೆ ಅಂಗಡಿಗೆ ಹೋಗಿ ಹೊಲಿಗೆ ಮಷೀನಿನ ಎಣ್ಣೆಯನ್ನೇ ತಂದೆ. ಕಾರಣ ಸಂಗೀತದ್ದಲ್ಲ. ಬಾಟಲಿ ಮುಚ್ಚಳ ತೆಗೆದು ಮೂಸಿದೆ, ನಮ್ಮ ಮನೆಯ ಎಣ್ಣೆಯ ವಾಸನೆ ಬರಲಿಲ್ಲ. ಇಲ್ಲಿಯದ್ದಕ್ಕೆ ವಾಸನೆಯೇ ಇಲ್ಲ. ಆದರೆ ತೆಳುವಾಗಿದೆ, ಅಂಟುವುದಿಲ್ಲ, ನನ್ನ ಲೆಕ್ಕದಲ್ಲಿ ಅಷ್ಟು ಸಾಕು. ಎರಡು ಪಕ್ಷದವರೂ ಒಪ್ಪುವುದು ಒಂದು ಮಾತಿಗೆ: ಚೇಂಜರಿಗೆ ಗ್ರೀಸು ಬೇಡ, ಅಡುಗೆ ಎಣ್ಣೆಯಂತೂ ಕೇಳಲೇಬೇಡಿ.

ಸೂಜಿ ಮೂತಿಯನ್ನು ಎರಡು ಫಿಂಗರ್ ನಡುವೆ ಆಕ್ಸಲ್ ಇರುವ ಮಟ್ಟಕ್ಕೆ ಇಟ್ಟು, ಬಾಟಲಿ ಅದುಮದೆ, ಬರೀ ಓರೆ ಮಾಡಿ ಕಾಯಬೇಕು. ತುದಿಯಲ್ಲಿ ಸಾಸಿವೆ ಕಾಳಿನಷ್ಟು ಹನಿ ಕೂಡುತ್ತದೆ. ಅದು ಲೋಹಕ್ಕೆ ತಾಗಿದ ಕೂಡಲೇ ಒಳಗೆ ಸರ್ರನೆ ಎಳೆದುಕೊಂಡು ಮಾಯ. ಇನ್ನೊಂದು ಹಾಕಿಬಿಡೋಣ ಅಂತ ಕೈ ತುರಿಸುತ್ತದೆ. ಹಾಕಬಾರದು. ಕೆಳಗೆ, ಫಿಂಗರಿನ ಏರಿಸುವ ತುಂಡೂ ಇಳಿಸುವ ತುಂಡೂ ಕತ್ತರಿಯ ಹಾಗೆ ಸೇರುವ ಕೀಲಿಗೆ ಇನ್ನೊಂದು ಹನಿ. ಆಮೇಲೆ ಪ್ರತಿಯೊಂದನ್ನೂ ಇಪ್ಪತ್ತು ಮೂವತ್ತು ಸಲ ಆಡಿಸಿ, ಹೊರಗೆ ಬಂದ ಎಣ್ಣೆ ಒರೆಸಿದೆ. ಚಿಂದಿ ಬಟ್ಟೆಯ ಎರಡು ಸಾಲು.

ಉಳಿದ ಕೀಲುಗಳದ್ದು ಬೇಗ ಮುಗಿಯಿತು. ಅಡ್ಡ ಸರಳುಗಳ ಎರಡೂ ತುದಿ, ಮೊಣಕಾಲಿನ ಲಿವರ್ ತಿರುಗುವ ಜಾಗ, ಪೆಡಲಿನ ಆಕ್ಸಲ್, ಪೆಡಲ್ ರಾಡು ಸಿಕ್ಕಿಸುವ ಗುಂಡು ಕೀಲು, ಎಲ್ಲಕ್ಕೂ ಒಂದೊಂದು ಹನಿ. ಎಡತುದಿಯ ರೋಲರ್‌ಗಳು ಅಚ್ಚರಿ ಹುಟ್ಟಿಸಿದವು. ತಂತಿ ಎಡಗಡೆ ಬಿರಡೆಗೆ ಹೋಗುವ ಮುಂಚೆ ಒಂದು ಪುಟ್ಟ ಚಕ್ರದ ಮೇಲೆ ಹಾಯುತ್ತದೆ. ತಂತಿ ಬಿಗಿಯಾದಾಗ ಅದೂ ಕೂದಲೆಳೆಯಷ್ಟು ಉರುಳಬೇಕು. ನನ್ನದರಲ್ಲಿ ಹತ್ತರಲ್ಲಿ ನಾಲ್ಕು ಚಕ್ರ ಉರುಳುತ್ತಲೇ ಇರಲಿಲ್ಲ, ಬಟ್ಟೆಯ ಜುಂಗು, ಚರ್ಮದ ಕೊಳೆ ಸೇರಿ ಕಲ್ಲಾಗಿತ್ತು. ಟೂತ್ ಬ್ರಷ್, ನಾಫ್ತಾ, ಮತ್ತೆ ಅದೇ ಸಾಸಿವೆ ಕಾಳು.

ಎಣ್ಣೆ ಹಾಕಬಾರದ ಜಾಗವೂ ಇವೆ. ರಾಡಿನ ತುದಿಗೆ ಸಣ್ಣ ನೈಲಾನ್ ನಟ್ ಇರುತ್ತವೆ, ಪೆಡಲ್ ತುಳಿದಾಗ ಸ್ವರ ಎಷ್ಟು ಏರಬೇಕು ಅಂತ ನಿಗದಿ ಮಾಡುವುದು ಅವೇ. ಅವು ತಮ್ಮ ಬಿಗಿತದಿಂದಲೇ ಜಾಗದಲ್ಲಿ ನಿಲ್ಲುವಂಥವು, ಎಣ್ಣೆ ಕುಡಿಸಿದರೆ ನುಡಿಸುತ್ತಾ ನುಡಿಸುತ್ತಾ ತಾವೇ ತಿರುಗಿಕೊಳ್ಳಬಹುದು ಅಂತ ಗುರುಗಳು ಎರಡು ಸಲ ಹೇಳಿದ್ದರು. ವಾಲ್ಯೂಮ್ ಪೆಡಲಿನ ಒಳಗೆ ಸದ್ದು ಹೆಚ್ಚು ಕಡಿಮೆ ಮಾಡುವ ಪಾಟ್ ಎಂಬ ವಿದ್ಯುತ್ ಭಾಗಕ್ಕೂ ಎಣ್ಣೆ ಬೇಡ. ಅದು ಕರಕರ ಅಂದರೆ ವಿದ್ಯುತ್ ಭಾಗಗಳಿಗೆ ಅಂತಲೇ ಇರುವ ಕ್ಲೀನರ್ ಬೇಕು.

ಆಮೇಲೆ ಫಿಂಗರ್‌ಗಳ ತಲೆ. ನನ್ನ ಮೂರನೇ ತಂತಿ ಎರಡು ತಿಂಗಳಲ್ಲಿ ಮೂರು ಸಲ ಹರಿದಿತ್ತು, ಪ್ರತಿ ಸಲವೂ ಅದೇ ಜಾಗದಲ್ಲಿ, ಫಿಂಗರ್ ಮೇಲೆ. ಅದು 0.011 ಇಂಚಿನ ತಂತಿ, ಹತ್ತರಲ್ಲಿ ಅತಿ ತೆಳುವಾದದ್ದು, ಶ್ರುತಿಯಲ್ಲಿ ಅತಿ ಎತ್ತರದ್ದು, ಮೇಲೆ ಪೆಡಲ್ ಬೇರೆ ಅದನ್ನೇ ಎಳೆಯುವುದು, ಹಾಗಾಗಿ ಹರಿಯುವ ಪಾಳಿ ಸಾಮಾನ್ಯವಾಗಿ ಅದರದ್ದೇ. ಉಗುರಿನ ತುದಿಯಿಂದ ಸವರಿದೆ. ಸಿಕ್ಕಿತು. ತಂತಿ ಕೊರೆದ ಒಂದು ಗೀರು, ಕಣ್ಣಿಗೆ ಕಾಣದ್ದು ಉಗುರಿಗೆ ಕಂಡಿತು. 600 ನಂಬರಿನ ಎಮರಿ ಪೇಪರಿನ ಸಣ್ಣ ಪಟ್ಟಿಯನ್ನು ತಂತಿ ಓಡುವ ದಿಕ್ಕಿನಲ್ಲೇ, ಅಡ್ಡಕ್ಕಲ್ಲ, ಶೂಗೆ ಪಾಲಿಶ್ ಹಾಕುವ ಹಾಗೆ ಎಳೆದೆ. ಆಮೇಲೆ 1000, ಆಮೇಲೆ 2000. ಅದಕ್ಕೂ ಮುಂಚೆ ಪಕ್ಕದ ಪಿಕಪ್ಪಿಗೆ, ಅಂದರೆ ತಂತಿಯ ನಾದ ಹಿಡಿದು ಆಂಪ್ಲಿಫೈಯರಿಗೆ ಕಳಿಸುವ ಭಾಗಕ್ಕೆ, ಟೇಪ್ ಅಂಟಿಸಿ ಮುಚ್ಚಿದ್ದೆ, ಫಿಂಗರ್ ಸಂದಿಗಳಿಗೂ ಪುಡಿ ಬೀಳದ ಹಾಗೆ. ಉಕ್ಕಿನ ಉಣ್ಣೆ ಮಾತ್ರ ಇದರ ಹತ್ತಿರ ತರಬೇಡಿ, ಪಿಕಪ್ ಅಯಸ್ಕಾಂತ, ಉದುರಿದ ಎಳೆಯನ್ನೆಲ್ಲ ಹಿಡಿದುಕೊಳ್ಳುತ್ತದೆ.

ಇಷ್ಟಾಗುವಾಗ ಸಂಜೆ. ಹೊಸ ತಂತಿ ಹಾಕಿ, ಕಾಲು ಜೋಡಿಸಿ, ಒಳಗೆ ತಂದು ಶ್ರುತಿ ಮಾಡಲು ಕೂತೆ. ಅವಸರದಲ್ಲಿ ಮೂರನೇ ತಂತಿಯನ್ನೇ ಮೇಲಿನ ಸ್ವರಕ್ಕೆ ದಾಟಿಸಿ ಹರಿದುಕೊಂಡೆ. ಅದಕ್ಕೆ ಎಣ್ಣೆಯೂ ಕಾರಣವಲ್ಲ, ಗೀರೂ ಕಾರಣವಲ್ಲ. ಪುಣ್ಯಕ್ಕೆ ಆ ತಂತಿ ಬಿಡಿಯಾಗಿ ಅರ್ಧ ಡಜನ್ ತಂದಿಟ್ಟಿದ್ದೆ.

ಮೂರನೇ ತಂತಿಯ ಪೆಡಲ್ ತುಳಿದೆ, ಬಿಟ್ಟೆ. ಮುಳ್ಳು ನಡುವಿನ ಗೆರೆಗೆ ಬಂದು ನಿಂತಿತು. ಮತ್ತೆ ತುಳಿದೆ. ಮತ್ತೆ ಅಲ್ಲೇ. ನಾಲ್ಕನೆಯದು, ಎಂಟನೆಯದು ಮೊಣಕಾಲಿನಿಂದ ಇಳಿಸಿ ಬಿಟ್ಟರೆ ಚಕ್ಕನೆ ಮೇಲೆ. ಐದನೆಯದು ಎಲ್ಲಕ್ಕಿಂತ ಚೆನ್ನಾಗಿ. ಆರನೆಯದು ಇಲ್ಲ. ಇನ್ನೂ ಅಲ್ಲೇ ಹೊಸ್ತಿಲಲ್ಲಿ ನಿಂತಿತ್ತು.

ಇಷ್ಟೆಲ್ಲ ಮಾಡಿದ ಮೇಲೆ ಹೀಗಾದರೆ ಸಿಟ್ಟು ಬರುತ್ತೆ, ಅಲ್ವಾ? ಆರನೇ ಫಿಂಗರಿಗೆ ಇನ್ನೊಂದು ಹನಿ ಹಾಕೋಣ ಅಂತ ಬಾಟಲಿ ಎತ್ತಿದ್ದೆ. ಏನೋ ಅನುಮಾನ ಬಂದು ಗುರುಗಳಿಗೆ ಫೋನ್ ಮಾಡಿದೆ. ಪೆಡಲ್ ಮುಟ್ಟದೆ ಕೆಳಗೆ ಕೈ ಹಾಕಿ ಆರನೇ ತಂತಿಯ ರಾಡನ್ನು ಅಲ್ಲಾಡಿಸು ಅಂದರು. ಅಲ್ಲಾಡಲಿಲ್ಲ. ಪಕ್ಕದ್ದು? ಪಕ್ಕದ್ದು ಸಡಿಲವಾಗಿ ಲಟಲಟ ಅನ್ನುತ್ತಿತ್ತು. ‘ಹಾಗಾದರೆ ಎಣ್ಣೆ ಬಾಟಲಿ ಕೆಳಗಿಡು’ ಅಂದರು.

ವಿಷಯ ಇಷ್ಟೇ. ಪೆಡಲ್ ತುಳಿಯದೆ ಇದ್ದಾಗ ರಾಡಿಗೂ ಫಿಂಗರಿಗೂ ನಡುವೆ ಸ್ವಲ್ಪ ಸಡಿಲ ಇರಲೇಬೇಕು. ಆಗ ಫಿಂಗರ್ ತನ್ನ ನಿಲುಗಡೆಗೆ ಹೋಗಿ ಆತು ಕೂರುತ್ತದೆ. ನೈಲಾನ್ ನಟ್ಟನ್ನು ಯಾರೋ ಜಾಸ್ತಿ ತಿರುಗಿಸಿದ್ದರು, ಬಹುಶಃ ಜಿಡ್ಡಿನ ತೊಂದರೆಯನ್ನು ಶ್ರುತಿ ಮಾಡಿ ಸರಿಪಡಿಸಲು ಹೋಗಿ. ಹಾಗಾಗಿ ರಾಡು ಫಿಂಗರನ್ನು ಸದಾ ಹಿಡಿದೇ ಇತ್ತು, ನಿಲುಗಡೆಯವರೆಗೆ ಹೋಗಲು ಬಿಡುತ್ತಲೇ ಇರಲಿಲ್ಲ. ನಟ್ ಅರ್ಧ ಸುತ್ತು ಸಡಿಲಿಸಿದೆ. ರಾಡು ಲಟಲಟ ಅಂದಿತು. ಬಿರಡೆಯಲ್ಲಿ ತಂತಿಯನ್ನು ಮತ್ತೆ ಜಿ ಶಾರ್ಪಿಗೆ ತಂದು, ಪೆಡಲಿನ ಸ್ಟಾಪ್ ಸ್ಕ್ರೂ ಸ್ವಲ್ಪ ಸರಿಸಿ, ಪೆಡಲ್ ತುಳಿದು ಹಿಡಿದುಕೊಂಡೇ ನೈಲಾನ್ ನಟ್ ತಿರುಗಿಸಿ ಎ ಹೊಂದಿಸಿದೆ. ಬಿಟ್ಟೆ. ಒಳಗೆ ಬಂತು.

ಆ ರಾತ್ರಿ, ಅಂದರೆ ಅಲ್ಲಿ ಭಾನುವಾರ ಬೆಳಗ್ಗೆ, ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಗಿಟಾರಿನ ಹೊಟ್ಟೆಯ ಫೋಟೋ ತೋರಿಸಿದೆ. ಅಮ್ಮನಿಗೆ ಸಂಗೀತಕ್ಕಿಂತ ಅದರಲ್ಲೇ ಆಸಕ್ತಿ. ‘ಇದೇನೋ, ನನ್ನ ಮಷೀನ್ ಥರ ಕಾಲಲ್ಲಿ ತುಳೀತೀಯಾ? ಮೊಣಕಾಲಿಗೂ ಕೆಲಸ ಇದೆಯಾ?’ ಅಂದರು. ಇದೆ ಅಂದೆ. ‘ಎಣ್ಣೆ ಎಷ್ಟು ಬಿಟ್ಟೆ?’ ಒಂದೊಂದೇ ತೊಟ್ಟು ಅಮ್ಮ ಅಂದೆ. ಸ್ಪ್ರೇ ವಿಚಾರ ಹೇಳಲಿಲ್ಲ. ಮಗಳು ಹಿಂದಿನಿಂದ ಬಂದು ಸ್ಪ್ರಿಂಗ್ ಹಾರಿದ್ದು, ಹುಲ್ಲು ಹುಡುಕಿದ್ದು ಎಲ್ಲ ಅಜ್ಜಿಗೆ ಒಪ್ಪಿಸಿದಳು.

ಈಗ ಆರೇಳು ತಿಂಗಳಾಯಿತು. ನುಡಿಸಿದ ಮೇಲೆ ತಂತಿ ಒರೆಸಿ ಮೇಲೆ ಒಂದು ಹಳೇ ಪಂಚೆ ಹೊದಿಸುತ್ತೇನೆ, ಧೂಳು ಬೀಳದಿದ್ದರೆ ಅರ್ಧ ಕೆಲಸ ಕಡಿಮೆ. ತಂತಿ ಬದಲಿಸುವಾಗಲೆಲ್ಲ ಫಿಂಗರ್ ತಲೆಯನ್ನು ಉಗುರಿನಿಂದ ಸವರಿ ನೋಡುತ್ತೇನೆ, ಟಾರ್ಚ್ ಹಾಕಿ ಸಂದಿ ನೋಡುತ್ತೇನೆ. ಮತ್ತೆ ಎಣ್ಣೆ ಹಾಕಿದ್ದು ಒಂದೇ ಸಲ. ಮೂರನೇ ತಂತಿ ಅದಾದ ಮೇಲೆ ಹರಿದಿದ್ದು ಒಮ್ಮೆ ಮಾತ್ರ, ಅದೂ ಹಳೆಯದಾಗಿ.

ಒಂದು ಕಿರುಗುಟ್ಟುವ ಸದ್ದು ಮಾತ್ರ ಉಳಿದಿತ್ತು. ಎರಡನೇ ಪೆಡಲ್ ತುಳಿದಾಗ ಕೀಂಯ್ ಅಂತ. ಪೆಡಲ್ ಆಕ್ಸಲ್ ನೋಡಿದೆ, ರಾಡಿನ ಗುಂಡು ಕೀಲು ನೋಡಿದೆ, ಅಡ್ಡ ಸರಳು ನೋಡಿದೆ, ಎಲ್ಲವೂ ಸರಿ ಇದ್ದವು. ಮೂರು ದಿನ ಹುಡುಕಿದೆ. ಕೊನೆಗೆ ಮಗಳು ಬಂದು, ಅಪ್ಪಾ ನೀನು ಎದ್ದು ನಿಂತುಕೋ, ನಾನು ಕೈಯಲ್ಲಿ ಒತ್ತುತ್ತೀನಿ ಅಂದಳು. ಒತ್ತಿದಳು. ಸದ್ದಿಲ್ಲ. ನಾನು ಕೂತೆ, ಕಾಲು ಎತ್ತಿದೆ, ಕೀಂಯ್. ಕುರ್ಚಿಯದ್ದು. ಅದರ ಸ್ಕ್ರೂಗಳಿಗೆ ಎರಡೆರಡು ತೊಟ್ಟು ಬಿಟ್ಟೆ. ಇನ್ನೂ ಕೂಗುತ್ತದೆ.